ಅಮ್ಮನ ಕಾಲ ಕೆಳಗಿನ ಬ್ರೇಕು

ಸಂಜೆ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕಾಫಿ ಕುಡಿಯುವಾಗ ಅಪ್ಪನ ಬಲಗಾಲು ಇದ್ದಕ್ಕಿದ್ದಂತೆ ನೆಲವನ್ನು ಒತ್ತುತ್ತಿತ್ತು. ಬೀದಿಗೆ ಅಡ್ಡವಾಗಿ ಮಗುವೊಂದು ಓಡಿದರೆ ಒತ್ತುತ್ತಿತ್ತು. ಹಾಲಿನ ಕ್ಯಾನು ತೂಗುಹಾಕಿಕೊಂಡ ಸೈಕಲ್ಲಿನವನು ತಿರುವಿನಲ್ಲಿ ವಾಲಿದರೆ ಒತ್ತುತ್ತಿತ್ತು. ಅಪ್ಪನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬಾಯಿ ಯಾವುದೋ ಮಾತಾಡುತ್ತಿರುತ್ತಿತ್ತು, ಕಾಲು ತನ್ನ ಪಾಡಿಗೆ ತಾನು ಬೀದಿ ಕಾಯುತ್ತಿತ್ತು. ಅಮ್ಮ ಒಳಗಿನಿಂದ ಬಂದು ಲೋಟ ತೆಗೆದುಕೊಳ್ಳುತ್ತಾ ಹೇಳುವಳು:

“ಬುಡ್ರೀ, ಜಗಲಿ ನಿಂತೇ ಇದೆ. ಎಲ್ಲಿಗೂ ಹೋಗಲ್ಲ.”

ನಮ್ಮದು ಡ್ರೈವಿಂಗ್ ಸ್ಕೂಲು. ಮೈಸೂರಿನ ಅಗ್ರಹಾರದ ಹತ್ತಿರ ಒಂದು ಉದ್ದನೆಯ, ಅಗಲವಿಲ್ಲದ ಮನೆ. ರಸ್ತೆಯ ಕಡೆಯ ಕೋಣೆಯೇ ಆಫೀಸು. ಅಲ್ಲಿ ಒಂದು ಮೇಜು, ಎರಡು ಬೆಂಚು, ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ. ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು. ಅಕ್ಷರ ಕಲಿಯುವ ಮೊದಲೇ ನಾನು ‘ಮುಂದೆ ಕಿರಿದಾದ ಸೇತುವೆ’, ‘ಹಾರ್ನ್ ಮಾಡಬಾರದು’ ಚಿಹ್ನೆಗಳನ್ನು ಕಲಿತಿದ್ದೆ. ಮಧ್ಯಾಹ್ನ ಕಲಿಯುವವರು ಇಲ್ಲದಿದ್ದಾಗ ನಮ್ಮ ಊಟವೂ ಆ ಪಟದ ಕೆಳಗೇ ಆಗುತ್ತಿತ್ತು, ಏಕೆಂದರೆ ಫ್ಯಾನು ಇದ್ದದ್ದು ಅಲ್ಲಿ ಮಾತ್ರ. ಹೊರಗೆ ಬೇವಿನ ಮರದ ನೆರಳಿನಲ್ಲಿ ಕೆನೆ ಬಣ್ಣದ ಫಿಯಟ್ ಕಾರು ನಿಂತಿರುತ್ತಿತ್ತು, ಹಿಂದೆ ಮುಂದೆ ಕೆಂಪು ಎಲ್ ಬೋರ್ಡು. ಆ ಕಾರಿನಲ್ಲಿ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ಲು ಇತ್ತು. ಕಲಿಯುವವರು ಬಲಗಡೆ ಕೂತು ಗಾಡಿ ಓಡಿಸಿದರೆ, ಕಲಿಸುವ ಅಪ್ಪ ಎಡಗಡೆ ಕೂತು ಆ ಪೆಡಲ್ಲಿನ ಮೇಲೆ ಕಾಲು ಇಟ್ಟುಕೊಂಡಿರುತ್ತಿದ್ದರು. ಕಲಿಯುವವನು ಗಾಬರಿಯಾದಾಗ ಈ ಕಡೆಯಿಂದ ಒತ್ತಿದರೆ ಗಾಡಿ ನಿಲ್ಲುತ್ತಿತ್ತು. ಅಪ್ಪನ ಬದುಕೆಲ್ಲ ಆ ಪೆಡಲ್ಲಿನ ಮೇಲೆಯೇ ಕಳೆಯಿತು. ಈಗ ಅದೇ ಕೆಲಸವನ್ನು ನಾನು ಮಾಡುತ್ತಿದ್ದೇನೆ. ಗೋಕುಲಂ ಕಡೆಯ ಹೆಂಗಸರಿಗೆ, ಹೆಬ್ಬಾಳದ ಫ್ಯಾಕ್ಟರಿಗಳಲ್ಲಿ ಶಿಫ್ಟು ಮುಗಿಸಿ ಬರುವವರಿಗೆ ಕಾರು ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿ ದಾಟದ ನನಗೆ ಬರೆಯುವ ರೂಢಿ ಇಲ್ಲ. ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ಬೆಳಗ್ಗೆ ಎದ್ದರೆ ಅಡುಗೆಮನೆಯಲ್ಲಿ ಸದ್ದಿಲ್ಲ. ಆ ಹೊತ್ತನ್ನು ಕಳೆಯಲು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ತಾರಸಿ. ಅಲ್ಲಿ ಬಾಡಿಗೆಗೆ ಇದ್ದವರು ಸುಗನಾಬಾಯಿ ಮತ್ತು ಅವರ ಗಂಡ. ಅವರದು ರಾಜಸ್ಥಾನ, ಮರಳುಗಾಡಿನ ನಡುವಿನ ಒಂದು ಹಳ್ಳಿ. ಗಂಡನಿಗೆ ಮಾರ್ಕೆಟ್ಟಿನ ಪಕ್ಕದಲ್ಲಿ ಛತ್ರಿ ಅಂಗಡಿ. ಬೀದಿಯವರೆಲ್ಲ ಅವರನ್ನು ಛತ್ರಿ ಸೇಟು ಎಂದೇ ಕರೆಯುತ್ತಿದ್ದರು. ‘ಮಳೆಯೇ ಬೀಳದ ಊರಿನೋರು ಮೈಸೂರಿಗೆ ಬಂದು ಛತ್ರಿ ಮಾರ್ತೀರಲ್ಲ’ ಎಂದು ಅಪ್ಪ ರೇಗಿಸಿದರೆ, ‘ನಮ್ಮೂರಲ್ಲಿ ಮಾರಿದ್ರೆ ಯಾರು ತಗೋತಾರೆ ಸಾರ್?’ ಎಂದು ಅವರು ಗಂಭೀರವಾಗಿ ಕೇಳುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಸುಗನಾಬಾಯಿಗೆ ತವರಿನಲ್ಲೂ ಯಾರೂ ಉಳಿದಿರಲಿಲ್ಲ. ಬಂದ ವರ್ಷವೇ ರಾಖಿ ಹಬ್ಬದ ದಿನ ಒಂದು ತಟ್ಟೆಯಲ್ಲಿ ದೀಪ, ಸಿಹಿ ಇಟ್ಟುಕೊಂಡು ಮೆಟ್ಟಿಲು ಇಳಿದು ಬಂದು ಅಪ್ಪನ ಕೈಗೆ ದಾರ ಕಟ್ಟಿದರು. ಅಪ್ಪನಿಗೆ ಆ ಹಬ್ಬದ ಪರಿಚಯ ಅಷ್ಟಾಗಿ ಇರಲಿಲ್ಲ. ಏನು ಕೊಡಬೇಕೋ ತಿಳಿಯದೆ ಮೇಜಿನ ಮೇಲಿದ್ದ ಹೊಸ ಪೆನ್ನನ್ನು ಕೊಟ್ಟುಬಿಟ್ಟರು. ಆವತ್ತಿನಿಂದ ಅವರು ನನಗೆ ಸುಗನತ್ತೆ.

ಅಮ್ಮನಿಗೆ ಅವರು ಏನಾಗಿದ್ದರು ಎಂದು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಇಬ್ಬರೂ ಬೆಳಗ್ಗೆ ತಿಂಡಿ ಮುಗಿದ ಮೇಲೆ ಮೆಟ್ಟಿಲಿನ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅಮ್ಮ ಕೆಳಗಿನ ಮೆಟ್ಟಿಲು, ಸುಗನತ್ತೆ ಮೇಲಿನ ಮೆಟ್ಟಿಲು. ಅಮ್ಮನ ಬಸ್ಸಾರು ಮೇಲಕ್ಕೆ ಹೋಗುತ್ತಿತ್ತು, ಅವರ ಸಜ್ಜೆ ರೊಟ್ಟಿ, ಮರಳುಗಾಡಿನ ಒಣ ಕಾಯಿಯ ಪಲ್ಯ ಕೆಳಕ್ಕೆ ಬರುತ್ತಿತ್ತು. ಅವರು ಕನ್ನಡ ಕಲಿತದ್ದು ಅಮ್ಮನಿಂದಲೇ, ಹಾಗಾಗಿ ಅಮ್ಮನ ಹಾಗೆಯೇ ‘ಬಂದ್ಬುಟ್ಟೆ’, ‘ಹೋಗ್ಬುಡು’ ಎನ್ನುತ್ತಿದ್ದರು. ಜಗಳವೂ ಆಗುತ್ತಿತ್ತು. ಒಮ್ಮೆ ತಾರಸಿಯಲ್ಲಿ ಒಣಗಿಸಿದ್ದ ಹಪ್ಪಳವನ್ನು ಕಾಗೆ ಎಳೆದದ್ದಕ್ಕೆ ಇಬ್ಬರೂ ಒಂದು ವಾರ ಮಾತು ಬಿಟ್ಟರು. ಆ ವಾರದಲ್ಲೂ ಬಸ್ಸಾರು ಮೇಲಕ್ಕೆ ಹೋಯಿತು. ನನ್ನ ಕೈಯಲ್ಲಿ ಕಳಿಸುತ್ತಾ ಅಮ್ಮ ‘ನಾನು ಕೊಟ್ಟೆ ಅಂತ ಹೇಳ್ಬೇಡ’ ಎಂದಳು.

ಒಂದು ಭಾನುವಾರ ಅಪ್ಪ ಸುಗನತ್ತೆಗೆ ಕಾರು ಓಡಿಸುವುದನ್ನು ತೋರಿಸಿದರು. ಗಂಡನಿಗೆ ಗೊತ್ತಾಗಬಾರದೆಂದು ಅಮ್ಮನೂ ನಾನೂ ಹಿಂದಿನ ಸೀಟಿನಲ್ಲಿ ಕಾವಲಿಗೆ ಕೂತಿದ್ದೆವು. ದೊಡ್ಡಕೆರೆ ಮೈದಾನದಲ್ಲಿ ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವರು ಗಾಡಿಯನ್ನು ಸುತ್ತಿಸಿದ್ದೇ ಸುತ್ತಿಸಿದ್ದು.

“ಅಣ್ಣಾ, ಬ್ರೇಕ್ ನೀವು ನೋಡ್ಕೊಳ್ಳಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ.”

“ಅಮ್ಮಾ ತಾಯಿ, ಮಿಕ್ಕಿದ್ದು ಅಂದ್ರೆ ಮರ ಕಣಮ್ಮ. ತಿರುಗ್ಸು!”

ಅಮ್ಮ ಕಣ್ಣು ಮುಚ್ಚಿಕೊಂಡು ಚಾಮುಂಡಿಯನ್ನು ಕರೆಯುತ್ತಿದ್ದಳು. ಅವಳಿಗೆ ರಸ್ತೆ ಎಂದರೆ ಭಯ. ಅವಳ ಅಣ್ಣ ಲಾರಿಗೆ ಸಿಕ್ಕಿ ಹೋದವರು. ಆಗ ಅವಳಿನ್ನೂ ಚಿಕ್ಕವಳು. ಡ್ರೈವಿಂಗ್ ಸ್ಕೂಲಿನವನ ಹೆಂಡತಿಯಾಗಿದ್ದರೂ ಅವಳು ಎಂದೂ ಸ್ಟಿಯರಿಂಗ್ ಮುಟ್ಟಲಿಲ್ಲ. ನಂಜನಗೂಡಿಗೆ ಹೋದರೂ ಅರ್ಧ ದಾರಿ ಕಣ್ಣು ಮುಚ್ಚಿಯೇ ಹೋಗುತ್ತಿದ್ದಳು.

ಛತ್ರಿ ಸೇಟು ಅಂಗಡಿಯಲ್ಲಿ ಕೂತಲ್ಲೇ ಹೋದರು. ಮುಂಗಾರಿನ ಮೊದಲ ದಿನಗಳು, ಅಂಗಡಿಯಲ್ಲಿ ಜನ ತುಂಬಿದ್ದರಂತೆ. ಊರಿನಿಂದ ಸೇಟಿನ ಅಣ್ಣ ಬಂದರು. ಸುಗನತ್ತೆಯನ್ನು ಕರೆದುಕೊಂಡು ಹೊರಟಾಗ ಅವರ ಸಾಮಾನು ಮಹಡಿಯಲ್ಲಿ ಹಾಗೆಯೇ ಇತ್ತು. ಸುಗನತ್ತೆ ಬೀಗದ ಕೈಯನ್ನು ಅಮ್ಮನ ಕೈಗಿಟ್ಟು ‘ಬರ್ತೀನಿ’ ಎಂದು ಮಾತ್ರ ಹೇಳಿದರು. ಅಪ್ಪ ಬೇರೆಯವರಿಗೆ ಬಾಡಿಗೆ ಕೊಡುವ ಮಾತೆತ್ತಲಿಲ್ಲ. ಅಮ್ಮ ಶುಕ್ರವಾರ ಶುಕ್ರವಾರ ಮೇಲೆ ಹೋಗಿ ಕಸ ಗುಡಿಸಿ, ಕಿಟಕಿ ತೆರೆದು, ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು.

ಮುಂದಿನ ಬೇಸಿಗೆಗೆ, ಅಂಗಡಿ ಖಾಲಿ ಮಾಡಲು ಬಂದ ಸುಗನತ್ತೆಯ ಮೈದುನ ಒಂದು ಸುದ್ದಿ ತಂದರು. ಅವರ ಮನೆತನದಲ್ಲಿ ಗಂಡನನ್ನು ಕಳೆದುಕೊಂಡವರು ಒಳಕೋಣೆಯ ಒಂದು ಮೂಲೆಯಲ್ಲಿ ಕೂರಬೇಕು. ಹೊಸಿಲು ದಾಟುವ ಹಾಗಿಲ್ಲ. ಆ ಮೂಲೆಯಿಂದ ಎಬ್ಬಿಸಬೇಕಾದವರು ತವರಿನವರು. ಅಕ್ಷಯ ತದಿಗೆಯ ದಿನ ಸೂರ್ಯ ಹುಟ್ಟುವ ಮೊದಲು ತವರಿನ ಗಾಡಿ ಬಾಗಿಲಿಗೆ ಬಂದು ನಿಲ್ಲಬೇಕು, ಅಣ್ಣನೋ ತಮ್ಮನೋ ಒಳಗೆ ಹೋಗಿ ಕೈ ಹಿಡಿದು ಹೊಸಿಲು ದಾಟಿಸಬೇಕು, ತಮ್ಮ ಮನೆಗೆ ಕರೆದುಕೊಂಡು ಹೋಗಬೇಕು. ಯಾರೂ ಬರದಿದ್ದರೆ ಮುಂದಿನ ತದಿಗೆಯವರೆಗೆ ಮೂಲೆಯೇ ಗತಿ.

“ರಾಖಿ ಕಟ್ಟಿಸಿಕೊಂಡ ಅಣ್ಣ ಬಂದರೂ ಆಗುತ್ತೆ ಅಂತ ದೊಡ್ಡಣ್ಣ ಒಪ್ಪಿದ್ದಾರೆ. ‘ಅಣ್ಣ ಗಾಡಿ ತಗೊಂಡು ಬಂದ್ರೆ ಮೈಸೂರಿಗೇ ಬಂದ್ಬುಡ್ತೀನಿ’ ಅಂತ ಅತ್ತಿಗೆ ಹೇಳಿ ಕಳಿಸಿದ್ದಾರೆ” ಎಂದರು ಆ ಮೈದುನ.

ಅವರು ಹೋದ ಮೇಲೆ ಪಟದ ಕೆಳಗೆ ಊಟಕ್ಕೆ ಕೂತೆವು. ಯಾರೂ ಸರಿಯಾಗಿ ತಿನ್ನಲಿಲ್ಲ.

“ಬೇಸಿಗೆ ರಜ. ಕಲಿಯೋರೆಲ್ಲ ಬರೋದೇ ಈಗ,” ಎಂದರು ಅಪ್ಪ.

“ಹೌದು,” ಎಂದಳು ಅಮ್ಮ.

“ಪೂನಾ ದಾಟಿ, ಅಹಮದಾಬಾದ್ ದಾಟಿ, ಅದರಾಚೆಗೆ ಮರಳು. ಈ ಹಳೇ ಗಾಡೀಲಿ.”

“ಹೌದು.”

“ನಂಜನಗೂಡಿಗೆ ಹೋಗೋಕೇ ಕಣ್ಣು ಮುಚ್ಕೊಂಡು ಕೂರ್ತೀಯ. ನೀನು ರಾಜಸ್ಥಾನಕ್ಕಾ?”

“ಕಣ್ಣು ಮುಚ್ಕೊಂಡೇ ಬರ್ತೀನಿ. ಹೊರಡಿ.”

ಅಪ್ಪ ಹೊರಗೆ ‘ಸ್ಕೂಲಿಗೆ ರಜೆ’ ಎಂದು ಬೋರ್ಡು ಹಾಕಿದರು. ನಮ್ಮ ಕಾರಿನ ಮೆಕ್ಯಾನಿಕ್ ಬಶೀರ್ ಸಾಬರು ಗಾಡಿಯನ್ನು ಪೂರ್ತಿ ಬಿಚ್ಚಿ ನೋಡಿದರು. ನಾನು ಪಕ್ಕದಲ್ಲೇ ಕೂತು ನಟ್ಟು ಬೋಲ್ಟುಗಳನ್ನು ತಟ್ಟೆಗೆ ಹಾಕುತ್ತಿದ್ದೆ.

“ಸಾರ್, ಈ ಎಡಗಡೆ ಪೆಡಲ್ ಬಿಚ್ಚಿಬುಡ್ತೀನಿ. ಲಾಂಗ್ ರೂಟು. ಅಮ್ಮಾವ್ರು ಗೊತ್ತಿಲ್ದೆ ಕಾಲಿಟ್ಬುಟ್ರೆ ಕಷ್ಟ.”

“ಬೇಡ ಬಶೀರ್, ಇರ್ಲಿ. ಅವಳ ಧೈರ್ಯಕ್ಕೆ.”

ಹೊರಡುವ ಬೆಳಗ್ಗೆ ಅಮ್ಮ ಮುಂದಿನ ಸೀಟಿನಲ್ಲಿ, ಅಪ್ಪ ದಿನಾ ಕೂರುವ ಜಾಗದಲ್ಲಿ, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂತಳು. ಅಪ್ಪ ಬಗ್ಗಿ ಅವಳ ಬಲಗಾಲನ್ನು ಹಿಡಿದು ಆ ಪೆಡಲ್ಲಿನ ಮೇಲೆ ಇಟ್ಟು ತೋರಿಸಿದರು. ಬೀದಿಯ ಎದುರಿಗೇ ಅಪ್ಪ ಅಮ್ಮನ ಕಾಲು ಹಿಡಿದದ್ದನ್ನು ನೋಡಿ ನನಗೆ ನಾಚಿಕೆಯಾಯಿತು.

“ನೋಡು, ನಿನ್ನ ಕಾಲ ಕೆಳಗೂ ಬ್ರೇಕ್ ಇದೆ. ತೀರಾ ಹೆದರಿಕೆ ಆದ್ರೆ ಒತ್ಬುಡು. ಗಾಡಿ ನಿಂತ್ಕೊಳುತ್ತೆ. ಆಯ್ತಾ?”

ಅಮ್ಮ ತಲೆಯಾಡಿಸಿದಳು.

ಆ ಪ್ರಯಾಣದ ಬಹುಭಾಗ ನನಗೆ ಹಿಂದಿನ ಸೀಟಿನಿಂದ ಕಾಣುವ ಅಮ್ಮನ ಜಡೆ, ಅದರಲ್ಲಿ ಒಣಗುತ್ತಾ ಹೋದ ಮೈಸೂರು ಮಲ್ಲಿಗೆ. ಹುಬ್ಬಳ್ಳಿಯವರೆಗೆ ಅವಳು ಕಣ್ಣು ತೆರೆಯಲಿಲ್ಲ. ಆಮೇಲೆ ಒಂದೊಂದಾಗಿ ತೆರೆದಳು. ನನ್ನ ಪಕ್ಕದ ಬುಟ್ಟಿಯಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ ಇದ್ದವು. ಒಂದು ಬಟ್ಟೆಗಂಟಿನಲ್ಲಿ ತವರಿನ ಸೀರೆ. ಆ ಸೀರೆಯ ಬಣ್ಣಕ್ಕಾಗಿ ಅಮ್ಮ ಮೂರು ಅಂಗಡಿ ಅಲೆದಿದ್ದಳು. ಹಸಿರು ಕೂಡದು, ಕೆಂಪು ಕೂಡದು, ಬಿಳಿ ಕೊಡಲು ತನಗೆ ಮನಸ್ಸಿಲ್ಲ ಎಂದು ಕೊನೆಗೆ ತಿಳಿನೀಲಿ ತಂದಳು. ರಾತ್ರಿ ಧರ್ಮಶಾಲೆಗಳಲ್ಲಿ ಮಲಗುತ್ತಿದ್ದೆವು, ಬೆಳಗ್ಗೆ ಅಪ್ಪ ಬಾನೆಟ್ಟಿಗೆ ಕೈಮುಗಿದು ಗಾಡಿ ಎತ್ತುತ್ತಿದ್ದರು. ದಾರಿಯಲ್ಲಿ ಜನ ನಮ್ಮ ಎಲ್ ಬೋರ್ಡು ನೋಡಿ ನಗುತ್ತಿದ್ದರು. ಒಬ್ಬ ಲಾರಿಯವನು ಪಕ್ಕಕ್ಕೆ ಬಂದು, ‘ಇಷ್ಟು ದೂರ ಬಂದರೂ ಇನ್ನೂ ಕಲಿತಿಲ್ಲವಾ ಗುರೂಜಿ?’ ಎಂದು ಹಿಂದಿಯಲ್ಲಿ ಕೂಗಿದ. ಅಪ್ಪನೂ ನಕ್ಕರು. ಆದರೆ ದಿನ ಕಳೆದಂತೆ ಅವರು ಆಗಾಗ ಗೊಣಗುತ್ತಿದ್ದರು, ‘ಗಾಡಿ ಯಾಕೋ ಹಿಡಿದ ಹಾಗಿದೆ, ಪೆಟ್ರೋಲ್ ಬೇರೆ ಕುಡೀತಿದೆ’ ಎಂದು. ಭಾರಕ್ಕಿರಬೇಕು ಎಂದುಕೊಂಡು ಕಾರಿನ ಮೇಲೆ ಕಟ್ಟಿದ್ದ ಒಂದು ಹಾಸಿಗೆಯನ್ನು ಅಹಮದಾಬಾದಿನ ಧರ್ಮಶಾಲೆಯಲ್ಲೇ ಬಿಟ್ಟರು.

ಮರಳುಗಾಡು ಶುರುವಾದದ್ದು ನನಗೆ ತಿಳಿಯಲಿಲ್ಲ. ಪಟಗಳಲ್ಲಿ ನೋಡಿದ ಹಾಗೆ ದಿಬ್ಬದ ಮೇಲೆ ದಿಬ್ಬವಾಗಿ ಬರುತ್ತದೆ ಎಂದುಕೊಂಡಿದ್ದೆ. ಮರಗಳು ಕುಳ್ಳಗಾದವು, ಆಮೇಲೆ ಮುಳ್ಳಾದವು, ಆಮೇಲೆ ಒಂದೊಂದೇ ಆದವು. ರಸ್ತೆಯ ಮೇಲೆ ಮರಳು ಹಾವಿನ ಹಾಗೆ ಹರಿದಾಡುತ್ತಿತ್ತು. ಗಾಜು ಏರಿಸಿದರೆ ಬೇಯುತ್ತಿದ್ದೆವು, ಇಳಿಸಿದರೆ ಹಲ್ಲಿನಲ್ಲಿ ಮರಳು ಕರಕರ ಎನ್ನುತ್ತಿತ್ತು. ಮಾರನೆಯ ದಿನವೇ ತದಿಗೆ. ಸಂಜೆಯೊಳಗೆ ಊರು ತಲುಪುತ್ತೇವೆ, ರಾತ್ರಿ ಅಲ್ಲೇ ಹತ್ತಿರ ಎಲ್ಲಾದರೂ ತಂಗಿ ಬೆಳಗಿನ ಜಾವಕ್ಕೆ ಬಾಗಿಲಲ್ಲಿ ನಿಲ್ಲೋಣ ಎಂದು ಅಪ್ಪ ಹೇಳಿದರು. ಎದುರಿನಿಂದ ಬರುವ ಲಾರಿಗಳು ಒಂಟಿ ರಸ್ತೆಯಲ್ಲಿ ನಮ್ಮ ಮೇಲೇ ಬಂದಂತೆ ಬಂದು ಕೊನೆಯ ಕ್ಷಣಕ್ಕೆ ಪಕ್ಕಕ್ಕೆ ಇಳಿಯುತ್ತಿದ್ದವು. ಪ್ರತಿ ಸಲವೂ ಅಮ್ಮನ ಹೆಗಲು ಬಿಗಿಯಾಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು.

ಮಧ್ಯಾಹ್ನ ಸುಟ್ಟ ವಾಸನೆ ಬಂತು. ಇಳಿಜಾರಿನಲ್ಲಿ ಅಪ್ಪ ಬ್ರೇಕ್ ಒತ್ತಿದರೆ ಅದು ನೆಲದವರೆಗೆ ಹೋಯಿತು. ಅಪ್ಪ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ರಸ್ತೆ ಬದಿಯ ಮರಳಿಗೆ ಹೊಗಿಸಿದರು. ಅದು ಮೆತ್ತಗೆ ಹೂತುಕೊಂಡು ನಿಂತಿತು. ಇಳಿದು ಚಕ್ರಕ್ಕೆ ನೀರು ಚಿಮುಕಿಸಿದರೆ ಬಾಣಲೆಗೆ ಬಿದ್ದಂತೆ ಚುಯ್ ಎಂದಿತು. ಸ್ವಲ್ಪ ದೂರದಲ್ಲಿ ಒಂದು ಟೀ ಅಂಗಡಿ ಇತ್ತು. ನಮ್ಮನ್ನು ಅಲ್ಲಿನ ಹಗ್ಗದ ಮಂಚದ ಮೇಲೆ ಕೂರಿಸಿ ಅಪ್ಪ ಲಾರಿ ಹತ್ತಿ ಹೋಗಿ ಸಂಜೆಗೆ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದರು. ಅವನು ಚಕ್ರ ಬಿಚ್ಚಿ, ಒಳಗಿನಿಂದ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಶೂಗಳನ್ನು ಹೊರತೆಗೆದು ತೋರಿಸಿದ. ಅವು ಕರಕಲಾಗಿ ಗಾಜಿನ ಹಾಗೆ ಹೊಳೆಯುತ್ತಿದ್ದವು. ಹೊಸದು ಪಟ್ಟಣದಿಂದ ಬೆಳಗಿನ ಬಸ್ಸಿಗೇ ಬರಬೇಕು ಎಂದ. ತವರಿನ ಗಾಡಿಯೇ ಬಾಗಿಲಲ್ಲಿ ನಿಲ್ಲಬೇಕಾದ್ದರಿಂದ ಲಾರಿ ಹತ್ತಿ ಮುಂದೆ ಹೋಗುವ ಹಾಗೂ ಇರಲಿಲ್ಲ. ಆಮೇಲೆ ಬಗ್ಗಿ ಕಾರಿನ ಒಳಗೆ ನೋಡಿ, ಎಡಗಡೆಯ ಪೆಡಲ್ಲನ್ನು ಬೆರಳಲ್ಲಿ ತೋರಿಸುತ್ತಾ ಏನೋ ಕೇಳಲು ಶುರುಮಾಡಿದ. ಅಪ್ಪ ತಟ್ಟನೆ ಅವನ ಹೆಗಲ ಮೇಲೆ ಕೈಹಾಕಿ ದೂರಕ್ಕೆ ಕರೆದುಕೊಂಡು ಹೋದರು. ತಿರುಗಿ ಬಂದು ಅಮ್ಮನಿಗೆ ಹೇಳಿದರು:

“ಮರಳು ನುಗ್ಗಿಬುಟ್ಟಿದೆ ಕಣೇ. ಈ ಊರಿನ ಮರಳು ಹಿಟ್ಟಿನ ಥರ ಇದೆ, ಎಲ್ಲೆಂದರಲ್ಲಿ ಹೋಗುತ್ತೆ.”

“ಹೌದು,” ಎಂದಳು ಅಮ್ಮ. “ಮರಳು.”

ಅವಳು ಮಂಚದ ಮೇಲೆ ಕೂತು ತನ್ನ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಆಮೇಲೆ ಎರಡನ್ನೂ ಆ ಮರಳಿನಲ್ಲೇ ಬಿಟ್ಟಳು. ನಾನು ಎತ್ತಿಕೊಂಡು ಬಂದರೆ, ‘ಹರಿದುಹೋಗಿದೆ, ಬಿಸಾಕು’ ಎಂದಳು. ಹರಿದಿರಲಿಲ್ಲ. ಆದರೂ ಬಿಸಾಡಿದೆ.

ತದಿಗೆಯ ದಿನ ಸೂರ್ಯ ಹುಟ್ಟಿದ್ದನ್ನು ನಾವು ಆ ಟೀ ಅಂಗಡಿಯ ಮುಂದೆ ನಿಂತು ನೋಡಿದೆವು. ಅಮ್ಮ ಎದ್ದು ಮುಖ ತೊಳೆದು, ತಲೆ ಬಾಚಿ, ಬರಿಗಾಲಿನಲ್ಲಿ ಪೂರ್ವಕ್ಕೆ ತಿರುಗಿ ನಿಂತಿದ್ದಳು. ಮೊದಲು ಮರಳು ಬೂದಿಯ ಬಣ್ಣಕ್ಕೆ ಬಂತು, ಆಮೇಲೆ ಕೆಂಪಾಯಿತು. ಅವಳು ಕೈಮುಗಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಬರಬೇಡ ಎಂದು ಯಾರನ್ನೋ ಕೇಳಿಕೊಳ್ಳುವವಳ ಹಾಗೆ ನೋಡುತ್ತಲೇ ಇದ್ದಳು. ಸೂರ್ಯ ಪೂರ್ತಿ ಮೇಲೆ ಬಂದ ಮೇಲೆ ಹೋಗಿ ಮಂಚದ ಮೇಲೆ ಕೂತಳು.

ಆ ಹಳ್ಳಿಯನ್ನು ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಹಳದಿ ಕಲ್ಲಿನ ಮನೆ, ದೊಡ್ಡ ಅಂಗಳ. ಸುಗನತ್ತೆಯ ಗಂಡನ ಅಣ್ಣ ಪೇಟ ಸರಿಮಾಡಿಕೊಳ್ಳುತ್ತಾ ಎದ್ದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡರು. ಕಾಲಿಗೆ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು. ಅವರ ಹಿಂದಿ ನನಗೆ ಪೂರ್ತಿ ತಿಳಿಯಲಿಲ್ಲ. ಅವರು ಹೇಳಿದ್ದನ್ನು ಅಪ್ಪ ಆಮೇಲೆ ಎಷ್ಟೋ ಸಲ ಹೇಳುತ್ತಿದ್ದರು:

“ಬೆಳಗಿನ ಜಾವ ದೀಪ ಹಚ್ಚಿ ಬಾಗಿಲು ತೆಗೆದಿಟ್ಟಿದ್ದೆವು. ಅವಳು ಸ್ನಾನ ಮಾಡಿ ಕೂತಿದ್ದಳು. ಬಿಸಿಲು ಹೊಸಿಲಿಗೆ ಬಂದ ಮೇಲೆ ಮುಚ್ಚಿದೆವು.”

ಅಪ್ಪ ಬೇಡಿಕೊಂಡರು. ಗಾಡಿ ಕೆಟ್ಟದ್ದನ್ನು ವಿವರಿಸಿದರು. ಕೊನೆಗೆ ಅಂಗಳದ ನಡುವೆ ನಿಂತು ಅಳುವ ದನಿಯಲ್ಲಿ, ‘ನಾನು ಅವಳ ಅಣ್ಣ, ಇಷ್ಟು ದೂರದಿಂದ ಬಂದಿದ್ದೇನೆ’ ಎಂದರು. ಆ ಹಿರಿಯರು ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು. ಇದು ನನ್ನೊಬ್ಬನ ಮಾತಲ್ಲ, ಮುಂದಿನ ತದಿಗೆಗೆ ಬನ್ನಿ, ನಾನೇ ಬಾಗಿಲು ತೆಗೆದು ನಿಂತಿರುತ್ತೇನೆ ಎಂದು ಕೈಮುಗಿದರು.

ಅಮ್ಮನನ್ನೂ ನನ್ನನ್ನೂ ಒಳಕೋಣೆಗೆ ಬಿಟ್ಟರು. ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಚಾಪೆಯ ಮೇಲೆ ಕಪ್ಪುಗೆಂಪು ಸೆರಗು ಹೊದ್ದ ಒಂದು ಆಕಾರ ಗೋಡೆಗೆ ಒರಗಿತ್ತು. ಸೆರಗು ಸರಿಸಿದರೆ ಸುಗನತ್ತೆ. ಅರ್ಧ ಆಗಿದ್ದರು. ಅವರ ಬಾಯಿಂದ ಕನ್ನಡ ಬಂದದ್ದಕ್ಕೆ ಬಾಗಿಲಲ್ಲಿದ್ದ ಹೆಂಗಸರು ಬೆಚ್ಚಿದರು.

“ಯಾಕೆ ಅಳ್ತೀಯ ಸರೋಜಾ? ಬಂದ್ಬುಟ್ಟೆಯಲ್ಲ.”

“ಅರ್ಧ ದಿನ ಕಣೇ ಸುಗನಾ. ಅರ್ಧ ದಿನ.”

“ಹೂಂ. ಗಾಡಿ ನಾನು ಓಡ್ಸಿದ್ರೆ ಜಾವಕ್ಕೇ ಬಂದ್ಬುಡ್ತಿದ್ವಿ.”

ಹೇಳಿ ಅವರೇ ನಕ್ಕರು. ಹಿಂದೆ ಮೈದಾನದಲ್ಲಿ ನಕ್ಕ ಹಾಗೆಯೇ ನಕ್ಕರು. ಅಮ್ಮ ನಗಲಿಲ್ಲ. ಅವರ ಮಡಿಲಲ್ಲಿ ಮುಖ ಇಟ್ಟುಬಿಟ್ಟಳು.

ಎರಡು ದಿನ ಅಮ್ಮ ಆ ಮೂಲೆ ಬಿಟ್ಟು ಏಳಲಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು, ಮೆಟ್ಟಿಲಿನ ಮೇಲೆ ಕೂತಾಗ ಆಡುತ್ತಿದ್ದ ಮಾತುಗಳನ್ನೇ ಆಡಿದರು. ಮಹಡಿಯ ಕಿಟಕಿಯಲ್ಲಿ ಗುಬ್ಬಿ ಗೂಡು ಕಟ್ಟಿದೆಯಾ? ಎದುರುಮನೆಯ ಹುಡುಗಿಗೆ ಗಂಡು ಗೊತ್ತಾಯಿತಾ? ಅಲ್ಲಿನವರು ಸುಗನತ್ತೆಗೆ ಸಪ್ಪೆ ಊಟ ಕೊಡುತ್ತಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ಅಮ್ಮ ಬುಟ್ಟಿಯಿಂದ ಚಟ್ನಿಪುಡಿ ತೆಗೆದು ಅನ್ನಕ್ಕೆ ಕಲಸಿ ಕೊಟ್ಟಳು. ಅವರು ಬೇಗ ಬೇಗ ತಿಂದು ಬೆರಳು ನೆಕ್ಕಿ ನನ್ನ ಕಡೆ ತಿರುಗಿ, ‘ಬಾಗಿಲು ನೋಡ್ಕೋ ಪುಟ್ಟಿ, ಯಾರಾದ್ರೂ ಬಂದ್ಬುಟ್ಟಾರು’ ಎಂದರು. ನಾನು ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತೆ. ಹೊರಡುವಾಗ ತಿಳಿನೀಲಿ ಸೀರೆಯನ್ನು ಅಮ್ಮ ಅಲ್ಲಿಯೇ ಇಟ್ಟಳು. ಮುಂದಿನ ತದಿಗೆಗೆ ಉಟ್ಟು ರೆಡಿಯಾಗಿರು ಎಂದಳು. ಸುಗನತ್ತೆ ಕೋಣೆಯ ಹೊಸಿಲಿನವರೆಗೆ ಬಂದು ನಿಂತರು. ಅದರಾಚೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಮುಂದಿನ ತದಿಗೆ ಬರುವ ಮೊದಲೇ, ಚಳಿಗಾಲದಲ್ಲಿ, ಆ ಮೈದುನ ಮತ್ತೆ ನಮ್ಮ ಮನೆಗೆ ಬಂದರು. ಅತ್ತಿಗೆ ಜ್ವರ ಬಂದು ಮೂಲೆಯಲ್ಲೇ ಹೋದರು ಎಂದರು. ಕೊನೆಗೆ ಹೊದಿಸುವ ಬಟ್ಟೆ ತವರಿನಿಂದ ಬರಬೇಕಂತೆ. ತವರಿನವರು ಬಿಟ್ಟುಹೋಗಿದ್ದ ನೀಲಿ ಸೀರೆ ಇತ್ತಲ್ಲ, ಅದನ್ನೇ ಹೊದಿಸಿದೆವು ಎಂದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು. ಅವರು ಹೋದ ಮೇಲೆ ಮಹಡಿಗೆ ಹೋಗಿ ಕಿಟಕಿ ತೆರೆದು ಕಸ ಗುಡಿಸಿದಳು. ಆವತ್ತು ಶುಕ್ರವಾರ ಆಗಿರಲಿಲ್ಲ.

ಆ ಪ್ರಯಾಣದ ನಂತರ ಅಮ್ಮ ಯಾವ ಕಾರಿನಲ್ಲಿ ಮುಂದೆ ಕೂತರೂ ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ಚಕ್ಕಳಮಕ್ಕಳ ಹಾಕಿಕೊಂಡೇ ಕೂರುತ್ತಿದ್ದಳು. ಮದುವೆಗೆ ಹೋಗಲಿ, ನಂಜನಗೂಡಿಗೆ ಹೋಗಲಿ, ಆಟೋದವರ ಹಾಗೆ ಯಾಕೆ ಕೂರ್ತೀಯ ಎಂದು ನಾನು ಗದರುತ್ತಿದ್ದೆ. ಅಪ್ಪ ಮಾತ್ರ ಒಂದು ದಿನವೂ ಏನೂ ಹೇಳಲಿಲ್ಲ. ದೊಡ್ಡವಳಾಗಿ, ಅಪ್ಪನ ಜೊತೆ ಕೆಲಸಕ್ಕೆ ಇಳಿದ ಮೇಲೆ, ಬ್ರೇಕ್ ಶೂ ಹೇಗೆ ಸವೆಯುತ್ತದೆ, ಹೇಗೆ ಸುಡುತ್ತದೆ ಎಂದು ಕಲಿತೆ. ಪೆಡಲ್ಲಿನ ಮೇಲೆ ಕಾಲಿನ ಭಾರ ಸದಾ ಇದ್ದರೆ ಮಾತ್ರ ಅದು ಹಾಗೆ ಕರಕಲಾಗುತ್ತದೆ. ಒಂದು ದಿನ ಅಪ್ಪನನ್ನು ಕೇಳಿದೆ. ಅವರು ಹೇಳಿದರು:

“ಬಶೀರ್ ಬಿಚ್ಚಿಬುಡ್ತೀನಿ ಅಂದಿದ್ದ. ಬೇಡ ಅಂದೋನು ನಾನು. ನಿಮ್ಮಮ್ಮನಿಗೆ ಹೇಳ್ಬೇಡ ಕಣಮ್ಮ. ಅವಳು ಮರಳು ಅಂತಲೇ ಅಂದ್ಕೊಂಡಿರ್ಲಿ.”

ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ನಾನು ಆ ಮಾತನ್ನು ಉಳಿಸಿಕೊಂಡೇ ಬಂದೆ.

ಕಳೆದ ವರ್ಷ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಿ, ಅವರಿಗೆ ಅಲ್ಲೇ ಹಿತ ಎಂದರು. ಸಂಜೆ, ರಿಂಗ್ ರೋಡಿನಲ್ಲಿ ಫ್ಯಾಕ್ಟರಿ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಹಿಂದೆ ಮಲಗಿಕೋ ಎಂದರೆ ಕೇಳದೆ ಅಮ್ಮ ಮುಂದೆಯೇ ಕೂತಳು. ಕಾಲು ಊದಿ ಕಂಬದ ಹಾಗಾಗಿತ್ತು. ಆದರೂ ಎರಡೂ ಕೈಯಲ್ಲಿ ಒಂದೊಂದೇ ಕಾಲನ್ನು ಎತ್ತಿ ಸೀಟಿನ ಮೇಲೆ ಇಟ್ಟುಕೊಳ್ಳಲು ನೋಡುತ್ತಿದ್ದಳು.

“ಅಮ್ಮಾ, ಕಾಲು ಇಳಿಬಿಡು. ಮಡಿಸಬಾರದು ಅಂದಿದ್ದಾರೆ ಡಾಕ್ಟ್ರು.”

“ಬೇಡ ಕಣೇ. ಕೆಳಗೆ ಅದಿದೆ.”

“ಯಾವುದು?”

“ನಿನ್ನ ಬ್ರೇಕು.”

ನಾನು ರಸ್ತೆ ನೋಡುತ್ತಿದ್ದೆ. ಅವಳೇ ಮುಂದುವರಿಸಿದಳು.

“ಚಪ್ಪಲಿ ಅಡೀಲಿ ಅಚ್ಚು ಬಿದ್ದಿತ್ತು. ಬಲಗಾಲಿಂದ್ರಲ್ಲಿ. ಗೆರೆಗೆರೆಯಾಗಿ, ಪೆಡಲ್ಲಿನ ಮೇಲಿರುತ್ತಲ್ಲ, ಹಂಗೇ. ಕಾಲಿಟ್ಟಿದ್ದೀನಿ ಅಂತಲೇ ನಂಗೆ ಗೊತ್ತಿರ್ಲಿಲ್ಲ ಕಣೇ. ಹೆದರಿಕೆ. ಅಷ್ಟು ದೂರವೂ ಅದರ ಮೇಲೇ ಇಟ್ಕೊಂಡು ಬಂದಿದ್ದೆ.”

“ಅಪ್ಪ ಮರಳು ಅಂದ್ರಲ್ಲಮ್ಮ.”

“ಅವರು ಮರಳು ಅಂದ್ರು. ನಾನೂ ಮರಳು ಅಂದೆ. ನಂಗೆ ಗೊತ್ತು ಅಂತ ತಿಳಿದ್ರೆ ಅವರು ಸೊರಗಿಹೋಗೋರು. ನನ್ನ ಧೈರ್ಯಕ್ಕೆ ಅಂತ ಅದನ್ನ ಬಿಚ್ಚಿಸದೆ ಬಿಟ್ಟೋರು ಅವರೇ ತಾನೆ?” ಕಿಟಕಿಯ ಕಡೆ ತಿರುಗಿ ಹೇಳಿದಳು, “ಸುಗನಾ ಮೈಸೂರಿಗೆ ಬಂದ್ಬುಡ್ತಿದ್ದಳು.”

ನನಗೆ ಕಣ್ಣು ಮಂಜಾಗಿ ಗಾಡಿಯನ್ನು ಎಡಕ್ಕೆ ತೆಗೆದುಕೊಂಡೆ. ನಿಧಾನವಾಗಿ ಹೋದೆ. ಅವಳ ಮಂಡಿಯ ಮೇಲೆ ಕೈಯಿಟ್ಟು, ‘ಇಳಿಬಿಡಮ್ಮಾ, ಏನೂ ಆಗಲ್ಲ, ಈಗ ಯಾವ ತದಿಗೆಯೂ ಇಲ್ಲ’ ಎಂದೆ. ಎಷ್ಟೋ ಹೊತ್ತಿನ ಮೇಲೆ ಅವಳು ಒಂದು ಕಾಲು ಇಳಿಸಿದಳು, ಆಮೇಲೆ ಇನ್ನೊಂದು. ಅಂಗಡಿಗಳ ದೀಪ ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋಗುತ್ತಿತ್ತು. ನಮ್ಮ ಬೀದಿಗೆ ತಿರುಗಿದೆ. ಬೇವಿನ ಮರ ಕಾಣಿಸಿತು. ಆಗ ಕಾರು ತಾನಾಗಿಯೇ ನಿಧಾನವಾಯಿತು. ನನ್ನ ಕಾಲು ಬ್ರೇಕಿನ ಮೇಲೆ ಇರಲಿಲ್ಲ. ಬಗ್ಗಿ ನೋಡಿದರೆ ಅಮ್ಮನ ಊದಿದ ಪಾದ ಎಡಗಡೆಯ ಪೆಡಲ್ಲಿನ ಮೇಲಿತ್ತು. ಮೆಲ್ಲಗೆ, ಆದರೆ ಗಟ್ಟಿಯಾಗಿ ಒತ್ತುತ್ತಿದ್ದಳು.

“ಯಾಕಮ್ಮಾ?”

“ಮನೆ ಇಷ್ಟು ಬೇಗ ಬಂದ್ಬುಡ್ತಲ್ಲ ಕಣೇ.”

ನಾನು ಕ್ಲಚ್ಚು ಒತ್ತಿದೆ. ಗಾಡಿ ಬೀದಿಯ ನಡುವೆಯೇ ನಿಂತಿತು. ಹಿಂದೆ ಬರುತ್ತಿದ್ದವನು ಹಾರ್ನ್ ಹೊಡೆದ, ಇನ್ನೊಮ್ಮೆ ಹೊಡೆದ, ಆಮೇಲೆ ಎಲ್ ಬೋರ್ಡು ನೋಡಿ ಸುಮ್ಮನೆ ನಮ್ಮನ್ನು ಸುತ್ತಿಕೊಂಡು ಹೋದ.